ಬಿಸಿಲು ತಿಂದ ಹಗ್ಗ

ಪುಣೆಯ ರವಿವಾರ ಪೇಠೆಯಲ್ಲಿ ರಾಮಲಿಂಗಪ್ಪನ ಹಗ್ಗದ ಅಂಗಡಿ ಇದೆ. ಅವನ ಅಜ್ಜ ಬೈಲಹೊಂಗಲದಿಂದ ಬಂದು ಇಟ್ಟ ಅಂಗಡಿ. ಸುತಳಿ, ನಾರಿನ ಹಗ್ಗ, ನೈಲಾನ್ ಹಗ್ಗ, ತಾಡಪತ್ರಿ, ಗೋಣಿಚೀಲ, ಎಲ್ಲವೂ ಅಲ್ಲಿ ಸಿಗುತ್ತದೆ. ರಾಮಲಿಂಗಪ್ಪ ಹೊರಗಿನ ಬಣ್ಣ ನೋಡಿ ಹಗ್ಗ ಕೊಳ್ಳುವವನಲ್ಲ. ಹೊಸೆದದ್ದನ್ನು ಹೆಬ್ಬೆರಳಿನಿಂದ ಬಿಡಿಸಿ ಒಳಗಿನ ಎಳೆಯನ್ನು ಉಗುರಿನಿಂದ ಕೆರೆಯುತ್ತಾನೆ. ಪುಡಿ ಉದುರಿದರೆ ಆ ಹಗ್ಗವನ್ನು ಬಿಸಿಲು ತಿಂದಿದೆ ಎಂದರ್ಥ. ನೋಡಲಿಕ್ಕೆ ಹೊಸದರಂತೆಯೇ ಇರುತ್ತದೆ, ಭಾರ ಬಿದ್ದ ದಿನ ಕೈ ಕೊಡುತ್ತದೆ. ಬಾವಿಗಿಳಿಯುವವರು, ಎತ್ತರದ ಕಟ್ಟಡಕ್ಕೆ ಜೋತುಬಿದ್ದು ಬಣ್ಣ ಹಚ್ಚುವವರು ಅಂಗಡಿಯವನ ಮಾತು ನಂಬಿ ಹಗ್ಗ ಒಯ್ಯುತ್ತಾರೆ. ಅಂಥವರಿಗೆ ಸತ್ತ ಹಗ್ಗ ಕೊಡುವುದು ಕೊಲೆಗೆ ಸಮ ಎಂದು ಅವನು ಅಂಗಡಿಯ ಆಳು ಲಾಲಪ್ಪನಿಗೆ ಆಗಾಗ ಹೇಳುತ್ತಿದ್ದ.

ಅವನಿಗೂ ಹೆಂಡತಿ ಚನ್ನಬಸವ್ವನಿಗೂ ಒಬ್ಬಳೇ ಮಗಳು, ಶೈಲಶ್ರೀ. ಯೆರವಡಾದ ಮನೆಯಲ್ಲಿ ಅವಳು ಶೈಲಾ. ಸಸ್ಯಶಾಸ್ತ್ರ ಓದುತ್ತಿದ್ದಾಗ ಕಾಲೇಜಿನವರು ಒಮ್ಮೆ ಕೊಂಕಣದ ತೀರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಮಲಗಿದ್ದ ಕಂದು ಬಣ್ಣದ ಕಡಲಪಾಚಿಯನ್ನು ಕಂಡು ಬಂದವಳಿಗೆ ಬೇರೆ ಗಿಡಗಳ ಮೇಲೆ ಮನಸ್ಸೇ ನಿಲ್ಲಲಿಲ್ಲ. ಓದು ಮುಗಿದ ಮೇಲೆ ಪುಣೆಯ ಖರಾಡಿಯಲ್ಲಿ ದೊಡ್ಡ ಆಫೀಸು ಮಾಡಿಕೊಂಡಿದ್ದ 'ನೀಲತೀರ' ಎಂಬ ಕಂಪನಿ ಸೇರಿದಳು. ಅದರ ಮಾಲೀಕ ಮಂದಾರ. ಪಾಚಿ ಬೆಳೆಸಿ ಸತ್ತುಹೋದ ಕಡಲತೀರಕ್ಕೆ ಮರುಜೀವ ಕೊಡುತ್ತೇವೆ ಎಂಬುದು ಕಂಪನಿಯ ಮಾತು. ರತ್ನಾಗಿರಿಯ ಆಚೆ ಶಿಂಪಲವಾಡಿ ಎಂಬ ಮೀನುಗಾರರ ಹಳ್ಳಿಯ ಕೊಲ್ಲಿಯಲ್ಲಿ ಅದರ ಕೆಲಸ ನಡೆಯುತ್ತಿತ್ತು.

ಶೈಲಾ ಅಲ್ಲಿ ಎರಡು ಬಗೆಯ ಬೆಳೆ ಕಂಡಳು. ಒಂದು, ಬಿದಿರಿನ ತೆಪ್ಪಗಳಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿ ಬೆಳೆಸುವ ಹೊರದೇಶದ ಪಾಚಿ. ಅದು ಕಣ್ಣೆದುರಿಗೇ ಉಬ್ಬುತ್ತದೆ, ಕೊಯ್ದು ಮಾರಬಹುದು, ಫೋಟೋದಲ್ಲಿ ಚೆಂದ ಕಾಣುತ್ತದೆ. ಇನ್ನೊಂದು, ಆ ತೀರದ್ದೇ ಪಾಚಿ. ಕಾರ್ಖಾನೆಗಳಿಗೆ ಮಾರಲೆಂದು ಜನ ವರ್ಷಗಟ್ಟಲೆ ಅದನ್ನು ಬುಡಸಮೇತ ಕಿತ್ತು ಬಂಡೆಗಳನ್ನು ಬೋಳು ಮಾಡಿದ್ದರು. ಮರಿಮೀನು ಅಡಗಲಿಕ್ಕೆ, ಏಡಿ ಗೂಡು ಮಾಡಲಿಕ್ಕೆ, ಮಾಣಕಿ ಎಂಬ ಹತ್ತು ಕಾಲಿನ ಮೀನು ತತ್ತಿ ಅಂಟಿಸಲಿಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಶೈಲಾ ಈ ಎರಡನೆಯದನ್ನು ಹಿಡಿದಳು. ತೊಟ್ಟಿಯಲ್ಲಿ ಸಣ್ಣ ಕಲ್ಲುಗಳ ಮೇಲೆ ಸಸಿ ಎಬ್ಬಿಸುವುದು, ಆ ಕಲ್ಲುಗಳನ್ನು ಇಳಿತದಲ್ಲಿ ಒಯ್ದು ಬಂಡೆಯ ಸಂದಿಗಳಲ್ಲಿ ಕಟ್ಟುವುದು. ಗಿಡ ತಾನೇ ಬಂಡೆಯನ್ನು ಹಿಡಿಯುವವರೆಗೆ ಕಾಯುವುದು.

"ಅಪ್ಪಾ, ನನಗ ಲಗೂನ ಕೊಳಿಯೋ ಹಗ್ಗ ಬೇಕು," ಎಂದು ಒಂದು ದಿನ ಅಂಗಡಿಗೇ ಬಂದು ಕೇಳಿದಳು.

"ಅಲ್ಲವಾ, ಮೂರು ತಲಿಮಾರಿನಿಂದ ಕೊಳೀಲಾರದ ಹಗ್ಗ ಮಾರಿದ ಮಂದಿ ನಾವು. ನೀ ಕೊಳಿಯೋದು ಕೇಳ್ತೀಯಲ್ಲ!"

"ಗಿಡ ಕಲ್ಲು ಹಿಡಿಯೂ ತನಕ ಅಷ್ಟ ಬೇಕಪ್ಪಾ. ಆಮ್ಯಾಲೆ ಅದು ತಾನ ಕರಗಿ ಹೋಗಬೇಕು. ಪ್ಲಾಸ್ಟಿಕ್ ಕಟ್ಟಿದರ ಸಮುದ್ರದಾಗ ಹಂಗ ಉಳದ, ಆಮಿ ಕೊರಳಿಗೆ ಸುತಗೋತದ."

ಅವನು ತೆಳ್ಳಗಿನ ನಾರಿನ ಹಗ್ಗ ಆರಿಸಿ ಕೊಟ್ಟ. ಹಾಗೆ ಕಂಪನಿಗೂ ಅಂಗಡಿಗೂ ಸಂಬಂಧ ಬೆಳೆಯಿತು. ತೆಪ್ಪಗಳ ನೈಲಾನ್ ಹಗ್ಗವೂ ಅಲ್ಲಿಂದಲೇ ಹೋಗತೊಡಗಿತು. ಮಗಳು ರಜೆಗೆ ಬಂದಾಗಲೆಲ್ಲ ಗೋದಾ ಎಂಬವಳ ಸುದ್ದಿ ಹೇಳುತ್ತಿದ್ದಳು. ಗೋದಾ ಶಿಂಪಲವಾಡಿಯ ಮೀನುಗಾರ ಹೆಂಗಸು, ಪಾಚಿಯ ಕೆಲಸಕ್ಕೆ ಬರುವ ಹೆಂಗಸರಿಗೆಲ್ಲ ಹಿರಿಯಳು. ಕಲ್ಲು ಕಟ್ಟಲಿಕ್ಕೆ ಶೈಲಾಳ ಜೊತೆ ಸೊಂಟದ ನೀರಿಗಿಳಿಯುವವಳು ಅವಳೇ.

ಮಳೆಗಾಲದ ಕಡಲಿನಲ್ಲಿ ತೆಪ್ಪಗಳು ನಿಲ್ಲುವುದಿಲ್ಲ. ಮುಂಗಾರು ಮುಟ್ಟುವ ಮೊದಲೇ ಎಲ್ಲವನ್ನೂ ದಡಕ್ಕೆ ಎಳೆಯಬೇಕು. ಆ ವರ್ಷ ಮಂದಾರ ಎಳೆಯಗೊಡಲಿಲ್ಲ. ಹೊರಗಿನಿಂದ ದೊಡ್ಡ ಅತಿಥಿಗಳು ಬರುವವರಿದ್ದರು, ತುಂಬಿದ ತೆಪ್ಪಗಳನ್ನು ಅವರಿಗೆ ತೋರಿಸಬೇಕಿತ್ತು. ಶೈಲಾ ಜಗಳ ಮಾಡಿದಳು. ಅತಿಥಿಗಳು ಇಂದು ನಾಳೆ ಎನ್ನುತ್ತ ಕೊನೆಗೆ ಬರಲೇ ಇಲ್ಲ. ಅಷ್ಟರಲ್ಲಿ ಕಡಲು ಬಣ್ಣ ಬದಲಿಸಿತ್ತು. ಆಗ ಮಂದಾರ ಖರಾಡಿಯಿಂದ ಫೋನು ಮಾಡಿ, ಒಂದು ತೆಪ್ಪವೂ ಹೋಗಕೂಡದು, ಈಗಲೇ ದೋಣಿ ಇಳಿಸಿ ಎಳೆದು ತನ್ನಿ ಎಂದ.

ಅದು ಪಾಲಖಿ ಯಾತ್ರೆ ಹತ್ತಿರ ಬಂದ ದಿನಗಳು. ಕಾಲ್ನಡಿಗೆಯಲ್ಲಿ ಸಾಸವಡದ ದಾರಿ ಹಿಡಿಯುವ ವಾರಕರಿ ಯಾತ್ರಿಕರ ತಂಡಗಳು ಡೇರೆಗೆಂದು ತಾಡಪತ್ರಿ ಕೊಳ್ಳಲಿಕ್ಕೆ ಅಂಗಡಿಯಲ್ಲಿ ಕಿಕ್ಕಿರಿದಿದ್ದವು. ರಾಮಲಿಂಗಪ್ಪ ತಾಡಪತ್ರಿ ಅಳೆಯುತ್ತಿದ್ದಾಗ ಚನ್ನಬಸವ್ವ ಮನೆಯಿಂದ ಫೋನು ಮಾಡಿದಳು. ಬೆಳಿಗ್ಗೆ ಮಗಳೊಡನೆ ಮಾತಾಡಿದ್ದಳಂತೆ. 'ಅವ್ವಾ, ಸಮುದ್ರ ಛಲೋ ಇಲ್ಲ, ಆದ್ರ ಸರ್ ಹೋಗಾಕ ಬೇಕು ಅಂತಾರ. ಬಂದ ಮ್ಯಾಲೆ ಮಾತಾಡ್ತೀನಿ' ಅಂದಿದ್ದಳಂತೆ. ಈಗ ಅವಳ ಫೋನು ಹತ್ತುತ್ತಿಲ್ಲ.

ದೋಣಿ ಮಗುಚಿತ್ತು. ಅದರಲ್ಲಿದ್ದವರು ಶೈಲಾ ಮತ್ತು ಗೋದಾ. ಗೋದಾ ತೆಪ್ಪದ ಬಿದಿರು ಹಿಡಿದು ಉಳಿದಳು. ಶೈಲಾಳ ದೇಹ ಮರುದಿನ ದಡಕ್ಕೆ ಬಂತು. ರಾಮಲಿಂಗಪ್ಪ ಮರಳಿನ ಮೇಲೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಯಾರು ಯಾರೋ ಬಂದು ಏನೇನೋ ಹೇಳಿದರು. ಒಂದು ಮಾತೂ ಅವನ ಕಿವಿಗೆ ಇಳಿಯಲಿಲ್ಲ. ಪೊಲೀಸರ ಕೂಡ ಮಾತಾಡಿದವರು, ಕಾಗದಕ್ಕೆ ಸಹಿ ಹಾಕಿಸಿಕೊಂಡವರು ಎಲ್ಲ ಕಂಪನಿಯ ಜನ. ಅಪಘಾತ ಎಂದು ಬರೆದು ಮುಗಿಸಿದರು.

ಕೆಲವು ತಿಂಗಳ ಬಳಿಕ ಮಂದಾರ ಯೆರವಡಾದ ಮನೆಗೆ ಬಂದ. ಶಿಂಪಲವಾಡಿಯ ಕೊಲ್ಲಿಗೆ ಶೈಲಾಳ ಹೆಸರಿಡುತ್ತೇವೆ, 'ಶೈಲಶ್ರೀ ಪುನರ್ಜೀವನ ತೀರ' ಎಂದು ಫಲಕ ಹಾಕುತ್ತೇವೆ ಎಂದ. ಕಂಪನಿಯ ವಾರ್ಷಿಕ ಸಭೆಗೆ ಕರೆದ. ಗಂಡ ಹೆಂಡತಿ ಇಬ್ಬರೂ ಅವನೆದುರು ಕಣ್ಣೀರು ಹಾಕಿದರು, ಕೈ ಮುಗಿದರು. ಆಮೇಲೆ ಆ ಕೈಮುಗಿದ ನೆನಪೇ ಅವರನ್ನು ಹೆಚ್ಚು ಸುಟ್ಟಿತು.

ಸಭೆ ಖರಾಡಿಯ ಒಂದು ಗಾಜಿನ ಕಟ್ಟಡದಲ್ಲಿ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಶೈಲಾ ನಕ್ಕಳು. ಒದ್ದೆ ಕೂದಲು, ಕೈಯಲ್ಲಿ ಪಾಚಿಯ ಗೊಂಚಲು. ಮಂದಾರ ದನಿ ತಗ್ಗಿಸಿ ಮರಾಠಿಯಲ್ಲಿ ಹೇಳಿದ: "ಶೈಲಶ್ರೀಯನ್ನು ಸಮುದ್ರ ಕರೆಯಿತು. ಹೋಗಬೇಡ ಎಂದು ನಾವೆಲ್ಲ ಹೇಳಿದೆವು. ಅವಳು ಕೇಳಲಿಲ್ಲ. ಅವಳ ಕನಸಿಗೆ ನೀವು ಜೊತೆಯಾಗಿ." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ತಂದೆತಾಯಿಯನ್ನೂ ಕ್ಯಾಮೆರಾ ಹಿಡಿಯಿತು.

ಇಬ್ಬರೂ ರಿಕ್ಷಾದಲ್ಲಿ ಮನೆಗೆ ಹೊರಟರು. ಯೆರವಡಾದ ಜೈಲಿನ ಗೋಡೆ ದಾಟುವಾಗ ಚನ್ನಬಸವ್ವ ಹೇಳಿದಳು:

"ಕೇಳಿದಿರೇನು?"

"ಕೇಳ್ದೆ."

"ಹೋಗಬ್ಯಾಡ ಅಂದಿದ್ದನಂತ. ನನ್ನ ಮಗಳಿಗೆ ಹೋಗು ಅಂದಾಂವಾ ಅವನ. ಈಗ ಆಕಿ ಮಾರಿ ತೋರಿಸಿ ಧಂದೆ ಮಾಡಾಕತ್ಯಾನ. ನನ್ನ ಮಗಳು ಮುಳುಗಿದ ನೀರಿನ್ಯಾಗ ಅವನ ಹೆಸರು ಮುಳುಗಬೇಕ್ರಿ. ಅದನ್ನ ನಾ ಕಣ್ಣಿಲೆ ನೋಡಬೇಕು."

"ನೋಡ್ತೀ," ಎಂದ ರಾಮಲಿಂಗಪ್ಪ.

ಅವನು ವಕೀಲರನ್ನು ಕಂಡ. ತಾಯಿ ಫೋನಿನಲ್ಲಿ ಕೇಳಿದ್ದೊಂದೇ ಸಾಕ್ಷಿಯೆಂದರೆ ನಿಲ್ಲುವುದು ಕಷ್ಟ ಎಂದರು. ಠಾಣೆಗೆ ಹೋದ. ಮುಗಿದ ಪ್ರಕರಣ ಎಂದರು. ಅದೇ ಹೊತ್ತಿಗೆ ಮಳೆಗಾಲ ಮುಗಿದು ಹೊಸ ಹಂಗಾಮು ಬಂತು, ಕಂಪನಿಯಿಂದ ಹಗ್ಗಕ್ಕೆ ಬೇಡಿಕೆಯೂ ಬಂತು. ಈ ಸಲ ಬಹಳ ದೊಡ್ಡ ಬೇಡಿಕೆ. ಶೈಲಾಳ ಹೆಸರಿನ ಫಲಕ ಹಾಕಿದ ಮೇಲೆ ಕಂಪನಿಗೆ ನೆರವು ಕೊಡುವವರು ಹೆಚ್ಚಿದ್ದರು.

ಗೋದಾಮಿನ ಮಾಳಿಗೆಯ ಮೇಲೆ ಹಳೆಯ ನೈಲಾನ್ ಹಗ್ಗದ ಸುರುಳಿಗಳು ಬಿದ್ದಿದ್ದವು. ಎಷ್ಟೋ ಬೇಸಿಗೆಗಳನ್ನು ಕಂಡ ಹಗ್ಗ. ಎಸೆಯಬೇಕೆಂದು ಇಟ್ಟದ್ದು. ರಾಮಲಿಂಗಪ್ಪ ಮೇಲೆ ಹೋಗಿ ಒಂದು ಎಳೆ ಕೆರೆದ. ಉಗುರಿನ ತುಂಬ ಬಿಳಿ ಪುಡಿ. ಅದನ್ನು ಊದಿ, ಕೆಳಗಿಳಿದು ಬಂದು ಲಾಲಪ್ಪನಿಗೆ ಹೇಳಿದ: "ಮ್ಯಾಲಿನ ಮಾಲು ತೊಳದು ತಾ. ಹೊರಗಿನ ಸುತ್ತು ಹೊಸಾದು ಹಾಕು, ಒಳಗ ಅದು ಇರಲಿ."

ಲಾಲಪ್ಪ ಗಾಬರಿಯಾದ. "ಧಣಿ, ಅದು ಸತ್ತ ಹಗ್ಗರಿ. ನೀವ ಹೇಳಿದ್ರಿ..."

"ನಾ ಹೇಳಿದ್ದು ನನಗ ನೆನಪದ. ಕಟ್ಟು."

ತೆಪ್ಪ ತೇಲಿ ಹೋಗುತ್ತದೆ, ಅಷ್ಟೇ. ಮನುಷ್ಯರು ತೆಪ್ಪದ ಮೇಲೆ ಮಲಗುವುದಿಲ್ಲವಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಲಾರಿ ಹೋದ ದಿನ ಮಗಳು ಸತ್ತ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ. ಚನ್ನಬಸವ್ವ ಇನ್ನೊಂದು ಭಕ್ಕರಿ ಹಾಕಿದಳು. ಅಲ್ಲಿಂದ ಮುಂದೆ ಅವನಿಗೆ ಒಂದೇ ಕೆಲಸ, ಕೊಂಕಣದ ಕಡೆ ಗಾಳಿ ಎದ್ದಿತೇ ಎಂದು ಟಿವಿ ನೋಡುವುದು. ಮಂದಾರನ ಮುಖ ಬಾಡುವುದನ್ನು ಅವನು ಬಗೆಬಗೆಯಾಗಿ ಕಲ್ಪಿಸಿಕೊಂಡು ಸುಖಪಟ್ಟ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಗಾಳಿ ಎದ್ದೇ ಎದ್ದಿತು.

ಅದಾದ ವಾರದೊಳಗೆ ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದಳು. ನಡುವಯಸ್ಸು ದಾಟಿದವಳು, ಉಪ್ಪು ಬಿಸಿಲಿಗೆ ಕಂದಿದ ಮೈ. ಚೀಲದಿಂದ ಹಗ್ಗದ ತುಂಡೊಂದನ್ನು ತೆಗೆದು ಅವನ ಗಾದಿಯ ಮೇಲಿಟ್ಟಳು.

"ಇದು ನಿಮ್ಮ ಅಂಗಡಿಯದೇ ಏನು ಶೇಠ್?" ಎಂದು ಮರಾಠಿಯಲ್ಲಿ ಕೇಳಿದಳು. "ನಾನು ಗೋದಾ. ಶಿಂಪಲವಾಡಿಯವಳು."

ರಾಮಲಿಂಗಪ್ಪನ ಬಾಯಿಂದ ಮೊದಲು ಬಂದ ಮಾತು, "ತೆಪ್ಪ ಹೋದವೇನು?"

ಅವನ ಕಣ್ಣಿನ ಬೆಳಕನ್ನು ಗೋದಾ ಕಂಡಳು. "ಹೋದವು. ಎಲ್ಲಿಗೆ ಹೋದವು ಎಂದು ಕೇಳುವುದಿಲ್ಲವೇ?"

ಅವನು ಗಾದಿಯ ಮೇಲೆ ಮುಂದಕ್ಕೆ ಸರಿದ.

"ಗಾಳಿ ಅವನ್ನು ತೆರೆದ ಕಡಲಿಗೆ ಒಯ್ಯಲಿಲ್ಲ. ನೆಟ್ಟಗೆ ತಂದು ಬಂಡೆಗಳ ಮೇಲೆ ಹಾಕಿತು. ನಿಮ್ಮ ಮಗಳು ಕಲ್ಲು ಕಟ್ಟಿದ್ದ ಬಂಡೆಗಳ ಮೇಲೆ. ಬಿದಿರು ಉಜ್ಜಿ ಉಜ್ಜಿ ಗಿಡಗಳೆಲ್ಲ ಕಿತ್ತುಬಂದವು. ಉಳಿದದ್ದರ ಮೇಲೆ ಆ ಪರದೇಶಿ ಪಾಚಿ ಬಿದ್ದು ಕೊಳೆಯುತ್ತಿದೆ. ಅವಳು ಹೋದಮೇಲೂ ನಾವು ನಾಲ್ಕು ಹೆಂಗಸರು ಕಂಪನಿಗೆ ಹೇಳದೆ ಅವನ್ನು ನೋಡಿಕೊಂಡಿದ್ದೆವು. ಮೊಳಕಾಲೆತ್ತರ ಬಂದಿದ್ದವು ಶೇಠ್."

ರಾಮಲಿಂಗಪ್ಪನ ಕೈ ಹಗ್ಗದ ತುಂಡಿನ ಕಡೆ ಹೋಯಿತು. ಮುಟ್ಟಲಿಲ್ಲ.

"ಮಂದಾರ..." ಎಂದ.

"ಮಂದಾರನಿಗೇನು! ಬಿರುಗಾಳಿಗೆ ಶೈಲಶ್ರೀಯ ಕನಸು ಹಾಳಾಯಿತು, ಮತ್ತೆ ಕಟ್ಟಲು ಸಹಾಯ ಮಾಡಿ ಎಂದು ಫೋಟೋ ಹಾಕಿದ್ದಾನೆ. ಮೊದಲಿಗಿಂತ ಹೆಚ್ಚು ಬರುತ್ತಿದೆಯಂತೆ."

ಅಂಗಡಿಯಲ್ಲಿ ಲಾಲಪ್ಪ ತಲೆ ತಗ್ಗಿಸಿ ನಿಂತಿದ್ದ. ರಾಮಲಿಂಗಪ್ಪನಿಗೆ ಸಿಟ್ಟೇ ಮೊದಲು ಬಂತು. "ನೀ ನನಗೆ ಬುದ್ಧಿ ಹೇಳಲಿಕ್ಕೆ ಬಂದೆಯೇನು? ನಿನಗೇನು ಗೊತ್ತು ನನ್ನ ಸಂಕಟ?"

"ನನಗೇ ಗೊತ್ತು," ಎಂದಳು ಗೋದಾ. "ಆ ದೋಣಿಯಲ್ಲಿ ನಾನಿದ್ದೆ. ಫೋನಿನಲ್ಲಿ ಅವನು ಕೂಗಿದ್ದು ಕೇಳಿದೆ. 'ತೆಪ್ಪ ಹೋದರೆ ನಾಳೆಯಿಂದ ನೀನೂ ಬರಬೇಡ' ಎಂದ. ನೀರಿನಲ್ಲಿ ತೇಲಿಸುವ ಕೇಸರಿ ಜಾಕೆಟ್‌ಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಅತಿಥಿಗಳು ಬಂದಾಗ ಮಾತ್ರ ತೆಗೆಯುವುದು. ನೀರಿನಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು. ಒಂದು ತೆರೆ ಬಂತು, ಜಾರಿತು. ಅವಳು ದಡಕ್ಕೆ ಬಂದ ದಿನವೇ ಮರಳಿನ ಮೇಲೆ ನಿಮ್ಮ ಎದುರು ಕೂತು ಇದನ್ನೆಲ್ಲ ಹೇಳಿದೆ. ನೀವು ಅವಳ ಕೂದಲಿನ ಮರಳು ತೆಗೆಯುತ್ತಿದ್ದಿರಿ. ಪೊಲೀಸರಿಗೂ ಹೇಳಿದೆ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಕಂಪನಿಯವರು ಎಬ್ಬಿಸಿ ಕಳಿಸಿದರು."

ರಾಮಲಿಂಗಪ್ಪ ಅವಳಿಗೆ ಕೂಡಲಿಕ್ಕೆ ಗಾದಿ ತೋರಿಸಿದ. ಲಾಲಪ್ಪ ನೀರು ತಂದು ಕೊಟ್ಟ. ಗೋದಾ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸೇಡು ಬೇಡ ಎಂದು ಹೇಳಲಿಕ್ಕೆ ನಾನು ಬಂದಿಲ್ಲ ಶೇಠ್. ಅದು ನನಗೂ ಬೇಕು. ಆದರೆ ಕುರುಡನ ಹಾಗೆ ಕಲ್ಲು ಬೀಸಬೇಡಿ. ನಿಮ್ಮ ಹಗ್ಗ ನಂಬಿ ನಾವೂ ನೀರಿಗಿಳಿಯುತ್ತೇವೆ."

ಮರುದಿನ ಅವನು ಅವಳ ಜೊತೆಗೇ ಬಸ್ಸು ಹತ್ತಿ ಘಾಟು ಇಳಿದ. ಇಳಿತದ ಹೊತ್ತಿಗೆ ಬಂಡೆಗಳು ನೀರಿನಿಂದ ಎದ್ದಿದ್ದವು. ಸಂದಿಗಳಲ್ಲಿ ಮುರಿದ ಬಿದಿರು, ಗಂಟುಗಂಟಾದ ನೈಲಾನ್, ನಾರುವ ಪಾಚಿಯ ರಾಶಿ. ಹಗ್ಗದ ಒಂದು ಕುಣಿಕೆಯಲ್ಲಿ ಆಮೆಯೊಂದು ಸಿಕ್ಕಿ ಸತ್ತಿತ್ತು. ಅದರ ಕುತ್ತಿಗೆಯ ಹಗ್ಗವನ್ನು ಅವನು ಎರಡೂ ಕೈಯಿಂದ ಎಳೆದ. ಸ್ವಲ್ಪ ಎಳೆದರೆ ಹರಿಯುವ ಹಗ್ಗ, ಆದರೆ ಆಮೆಯ ಪಾಲಿಗೆ ಗಟ್ಟಿಯಾಗಿತ್ತು. ಅವನು ನೀರಿನಲ್ಲಿ ಕೂತುಬಿಟ್ಟ. ಆಮೇಲೆ ಸುತ್ತ ಕೈಯಾಡಿಸಿ, ಮಗುಚಿ ಬಿದ್ದ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿದ. ಕೆಲವಕ್ಕೆ ಇನ್ನೂ ನಾರಿನ ಹಗ್ಗದ ಚೂರು ಅಂಟಿತ್ತು. ಒಂದೆರಡು ಕಲ್ಲಿನ ಮೇಲೆ ಗಿಡದ ಬುಡ ಉಳಿದಿತ್ತು.

"ಇದು ನಾ ಮಾಡಿದ್ದು," ಎಂದು ಕನ್ನಡದಲ್ಲೇ ಅಂದ. ಗೋದಾಳಿಗೆ ತಿಳಿಯಿತೋ ಇಲ್ಲವೋ, ಅವಳು ಅಲ್ಲಗಳೆಯಲಿಲ್ಲ.

ಪಶ್ಚಾತ್ತಾಪದಿಂದ ಅವನ ದ್ವೇಷ ಕರಗಿತು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಇಮ್ಮಡಿಯಾಯಿತು. ಮಗಳನ್ನು ತಿಂದವನು ಅವಳ ಕೆಲಸವನ್ನೂ ಹೆತ್ತ ತಂದೆಯ ಕೈಯಿಂದಲೇ ಹಾಳು ಮಾಡಿಸಿದ ಎಂದು ಅವನಿಗೆ ಅನಿಸಿತು.

ಗೋದಾ ಉಳಿದ ಸಂಗತಿ ಹೇಳಿದಳು. ಬೇಸಿಗೆಯ ಮೊದಲು ಅತಿಥಿಗಳು ಬರುತ್ತಾರೆ, ಮರುಜೀವ ಪಡೆದ ತೀರ ನೋಡಲಿಕ್ಕೆ. ತೋರಿಸಲಿಕ್ಕೆ ಈಗ ಏನೂ ಇಲ್ಲ. ಅದಕ್ಕೇ ಮಂದಾರ ಹೇಳಿಕಳಿಸಿದ್ದಾನೆ: ಭೂಶಿರದ ಆಚೆ ಇನ್ನೂ ಉಳಿದಿರುವ ಕಾಡುಪಾಚಿಯನ್ನು ಕೊಯ್ದು ತಂದು ಹೊಸ ಹಗ್ಗಗಳಿಗೆ ಕಟ್ಟಿರಿ, ಬೆಳೆದದ್ದು ಎಂದು ತೋರಿಸೋಣ. ಇಡೀ ಕರಾವಳಿಗೆ ಬೀಜ ಕೊಡುವ ಕೊನೆಯ ಪಾಚಿ ಅದು. ಹೆಂಗಸರು ಹೂಂ ಎಂದಿದ್ದಾರೆ. ಆದರೆ ಕೊಯ್ಯುವುದಿಲ್ಲ ಎಂದು ತಮ್ಮೊಳಗೇ ಮಾತಾಡಿಕೊಂಡಿದ್ದಾರೆ.

"ನೀವು ಬರುತ್ತೀರಿ," ಎಂದಳು. "ಫಲಕಕ್ಕೆ ಹಾರ ಹಾಕಲಿಕ್ಕೆ ತಂದೆಯನ್ನು ಅವನೇ ಕರೆಯುತ್ತಾನೆ. ನೋಡುತ್ತಿರಿ."

ಅವಳು ಹೇಳಿದಂತೆಯೇ ಆಯಿತು. ಮಂದಾರ ಕಾರು ಕಳಿಸಿದ. ಚನ್ನಬಸವ್ವನೂ ಹೊರಟಳು, ಮಗಳನ್ನು ನುಂಗಿದ ಕಡಲನ್ನು ಅವಳು ನೋಡುತ್ತಿರುವುದು ಅದೇ ಮೊದಲು. ದಡದಲ್ಲಿ ಶಾಮಿಯಾನ, ಎಳನೀರು, ನೀಲಿ ಫಲಕದ ಮೇಲೆ ಶೈಲಾಳ ಹೆಸರು. ನೆರವು ಕೊಡುವ ಸಂಸ್ಥೆಗಳವರು, ಕೆಲವು ಪತ್ರಿಕೆಯವರು. ಕಂಪನಿಯ ಪೂರ್ವಾ ಎಂಬ ಹುಡುಗಿ ಹೊರಗಿನವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುತ್ತಿದ್ದಳು. ದೋಣಿ ಹತ್ತುವಾಗ ಮಂದಾರ ತಾನೇ ಕೈಯಾರೆ ರಾಮಲಿಂಗಪ್ಪನಿಗೆ ಕೇಸರಿ ಜಾಕೆಟ್ ಕೊಟ್ಟ.

"ಹಾಕಿಕೊಳ್ಳಿ ಕಾಕಾ. ಸುರಕ್ಷೆ ಮೊದಲು."

ರಾಮಲಿಂಗಪ್ಪ ಅದನ್ನು ಹಾಕಿಕೊಳ್ಳಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂತ.

ಕೊಲ್ಲಿಯ ನಡುವೆ ದೋಣಿ ನಿಂತಿತು. ಹಗ್ಗದ ಸಾಲಿನ ಪಕ್ಕ ಇನ್ನೊಂದು ದೋಣಿಯಲ್ಲಿ ಗೋದಾ ಮತ್ತು ಹೆಂಗಸರು ಇದ್ದರು. ಮಂದಾರ ಕೈ ಎತ್ತಿ, "ಎತ್ತಿ ತೋರಿಸಿ ಗೋದಾಬಾಯಿ," ಎಂದ. ಗೋದಾ ಹಗ್ಗ ಎತ್ತಿದಳು. ನೀರು ಸುರಿಯಿತು. ಹಗ್ಗ ಬರಿದಾಗಿತ್ತು. ಇನ್ನೊಂದನ್ನು ಎತ್ತಿದಳು, ಅದೂ ಬರಿದು. ಹೆಂಗಸರು ಒಂದೊಂದೇ ಹಗ್ಗ ಎಳೆದು ದೋಣಿಯ ಅಂಚಿಗೆ ಹಾಕುತ್ತ ಹೋದರು. ಕ್ಯಾಮೆರಾಗಳು ಅದನ್ನೇ ಹಿಡಿಯುತ್ತಿದ್ದವು.

"ಏನಿದು?" ಮಂದಾರನ ದನಿ ಒಡೆಯಿತು. "ನಿನ್ನೆ ಕಟ್ಟಲಿಕ್ಕೆ ಹೇಳಿದ್ದೆನಲ್ಲ!"

"ಕಟ್ಟಲಿಕ್ಕೆ?" ಅತಿಥಿಗಳಲ್ಲಿ ಮರಾಠಿ ಬಲ್ಲ ಒಬ್ಬ ಹಿರಿಯ ಹೆಂಗಸು ತಿರುಗಿ ಕೇಳಿದರು. "ಬೆಳೆಸುವುದೋ, ಕಟ್ಟುವುದೋ?"

ರಾಮಲಿಂಗಪ್ಪ ಎದ್ದು ನಿಂತ. ದೋಣಿ ಓಲಾಡಿತು, ಅವನಿಗೆ ಈಜು ಬರುತ್ತಿರಲಿಲ್ಲ. ಜಾಕೆಟ್ಟನ್ನು ಮಂದಾರನ ಮುಖದೆದುರು ಹಿಡಿದ.

"ಇದನ್ನು ನನ್ನ ಮಗಳಿಗೆ ಯಾಕೆ ಕೊಡಲಿಲ್ಲ?" ಎಂದು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದ. ಮಂದಾರ, "ಕಾಕಾ, ದಡಕ್ಕೆ ಹೋಗಿ ಮಾತಾಡೋಣ," ಎಂದ. ರಾಮಲಿಂಗಪ್ಪ ಅತಿಥಿಗಳ ಕಡೆ ತಿರುಗಿದ. "ಮೊದಲು ನನ್ನ ಪಾಪ ಹೇಳುತ್ತೇನೆ. ಹೋದ ಸಲ ತೆಪ್ಪಗಳು ಬಿರುಗಾಳಿಗೆ ಹೋಗಲಿಲ್ಲ. ಸತ್ತ ಹಗ್ಗ ಕಳಿಸಿದವನು ನಾನು, ಇವನ ಮೇಲಿನ ಸೇಡಿಗೆ. ನನ್ನ ಮಗಳು ಬೆಳೆಸಿದ್ದ ಗಿಡಗಳು ಅದರಿಂದ ಸತ್ತವು. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಇನ್ನು ಇವನು ಮಾಡಿದ್ದು ಕೇಳಿ."

ಗೋದಾ ತನ್ನ ದೋಣಿಯಿಂದಲೇ ಹೇಳಿದಳು. ಫೋನು, ಬೀಗ ಹಾಕಿದ ಕೋಣೆ, ಕೈಯಿಂದ ಜಾರಿದ ಕೈ, ಕೊಯ್ದು ತಂದು ಕಟ್ಟಿ ಎಂದ ಮಾತು. ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಪೂರ್ವಾ ಅನುವಾದಿಸುತ್ತಿದ್ದವಳು ನಡುವೆ ನಿಂತಳು. ಮಂದಾರ, "ಅನುವಾದ ಬೇಡ," ಎಂದ. ಪೂರ್ವಾ ಅವನ ಮುಖ ನೋಡಿದಳು, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿದಳು.

ದಡಕ್ಕೆ ಮರಳಿದಾಗ ಚನ್ನಬಸವ್ವ ಫಲಕದ ಬುಡದಲ್ಲಿ ನಿಂತಿದ್ದಳು. ಅತಿಥಿಗಳು ಮಂದಾರನ ಕೂಡ ಮಾತಾಡದೆ ಕಾರುಗಳ ಕಡೆ ಹೋದರು. ಅವನು ಒಬ್ಬನೇ ಉಳಿದ. ಓಡಿಬಂದು ಅವಳ ಕಾಲಿಗೆ ಬಗ್ಗಿದ. "ಕಾಕೂ, ನೀವಾದರೂ ಹೇಳಿ. ನನಗೂ ಮನೆ ಇದೆ, ಮಕ್ಕಳಿದ್ದಾರೆ."

ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಮರಾಠಿ ಚೆನ್ನಾಗಿ ಬರುತ್ತಿದ್ದರೂ ಕನ್ನಡದಲ್ಲೇ ಹೇಳಿದಳು:

"ಮುಟ್ಟಬ್ಯಾಡ. ಆಕಿ ಹೆಸರು ಇಲ್ಲಿಂದ ತಗಿ. ನಿನ್ನ ಕೈಲೆ ತಗಿ. ನಾ ನೋಡಬೇಕು."

ರಾಮಲಿಂಗಪ್ಪ ಅದನ್ನು ಮರಾಠಿಯಲ್ಲಿ ಹೇಳಿದ. ಹಳ್ಳಿಯವರು ಸುತ್ತ ನೆರೆದಿದ್ದರು. ಯಾರೋ ಬೋಲ್ಟು ಬಿಚ್ಚುವ ಪಾನಾ ತಂದು ಮಂದಾರನ ಕೈಗೆ ಕೊಟ್ಟರು. ಉಪ್ಪು ಗಾಳಿಗೆ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಅವನು ಬೆವರಿದ, ಕೈ ತರಚಿಕೊಂಡ. ಯಾರೂ ನೆರವಿಗೆ ಬರಲಿಲ್ಲ, ಯಾರೂ ಬೈಯಲಿಲ್ಲ. ಫಲಕ ಬಿಚ್ಚಿ ಮರಳಿನ ಮೇಲೆ ಬಿದ್ದಾಗ ಚನ್ನಬಸವ್ವ ಬಾಯಾರಿದೆ ಎಂದಳು. ಗೋದಾ ಅವಳನ್ನು ಮನೆಗೆ ಕರೆದೊಯ್ದಳು. ಮಂದಾರನಿಗೆ ಆ ಊರಿನಲ್ಲಿ ನೀರು ಕೊಡುವವರು ಇರಲಿಲ್ಲ.

ನೆರವು ನಿಂತಿತು. ಖರಾಡಿಯ ಆಫೀಸಿನ ಬಾಗಿಲಿಗೆ ಬೇರೆ ಯಾವುದೋ ಕಂಪನಿಯ ಹೆಸರು ಬಂತು. ಶೈಲಾಳ ಸಾವಿನ ಪ್ರಕರಣ ಮತ್ತೆ ತೆರೆಯಿತು. ಗೋದಾಳ ಹೇಳಿಕೆಯನ್ನು ಈ ಸಲ ಬರೆದುಕೊಂಡರು, ಪೂರ್ವಾಳದನ್ನೂ. ಮಂದಾರ ಸುಮ್ಮನಿರಲಿಲ್ಲ. ಕೆಟ್ಟ ಹಗ್ಗ ಕೊಟ್ಟನೆಂದು ರಾಮಲಿಂಗಪ್ಪನ ಮೇಲೆ ದೂರು ಕೊಟ್ಟ. ಸಮನ್ಸು ಬಂದ ದಿನ ಲಾಲಪ್ಪ ಹೆದರಿದ. ರಾಮಲಿಂಗಪ್ಪ ಪೇಢೆ ತರಿಸಿದ.

"ಯಾಕ ಅಂಜ್ತೀ? ಕಟ್ಟು ಅಂದಾಂವಾ ನಾನು, ತಪ್ಪು ನಂದ. ಒಪ್ಪಿಕೋತೀನಿ. ಆದ್ರ ನಾ ಯಾಕ ಹಂಗ ಮಾಡ್ದೆ ಅಂತ ಕೋರ್ಟಿನ್ಯಾಗ ಕೇಳ್ತಾರಲ್ಲ, ಅದನ್ನ ಹೇಳಾಕ ನನಗ ಇನ್ನೊಂದು ಬಾಗಿಲ ಅವನ ತಗದು ಕೊಟ್ಟಾನ."

ಶಿಂಪಲವಾಡಿಯ ಹೆಂಗಸರು ತಮ್ಮದೇ ಸಂಘ ಮಾಡಿಕೊಂಡರು. ತೆಪ್ಪದ ಅವಶೇಷಗಳನ್ನು ಬಂಡೆಗಳಿಂದ ಬಿಡಿಸಿ ತೆಗೆಯಲಿಕ್ಕೇ ಒಂದು ಬೇಸಿಗೆ ಹಿಡಿಯಿತು. ಭೂಶಿರದ ಆಚೆಯ ಪಾಚಿಯಿಂದ ಬೀಜ ಹಿಡಿದು ತೊಟ್ಟಿಗಳಲ್ಲಿ ಸಸಿ ಎಬ್ಬಿಸಿದರು. ರಾಮಲಿಂಗಪ್ಪ ಇಳಿತದ ದಿನಗಳನ್ನು ಕೇಳಿಕೊಂಡು ಹೋಗುತ್ತಾನೆ. ಧೋತರ ಎತ್ತಿ ಕಟ್ಟಿ, ಮೊಳಕಾಲಿನ ನೀರಿಗಿಂತ ಮುಂದೆ ಹೋಗದೆ, ಕಲ್ಲು ಕಟ್ಟುತ್ತಾನೆ. ಮೊದಮೊದಲು ಗೋದಾ ಅವನು ಕಟ್ಟಿದ್ದನ್ನು ಎಳೆದು ನೋಡಿಯೇ ಮುಂದೆ ಹೋಗುತ್ತಿದ್ದಳು. ಈಗೀಗ ನೋಡುವುದಿಲ್ಲ.

ಚನ್ನಬಸವ್ವನಿಗೆ ನೆರೆಮನೆಯ ಚಂದಮ್ಮ ಒಮ್ಮೆ ಹೇಳಿದಳು: "ಇನ್ನರೆ ಬಿಟ್ಟುಬಿಡ್ರಿ ಚನ್ನಬಸವ್ವಾರ. ಅವಂದೂ ಎಲ್ಲಾ ಹೋತಲ್ಲ. ದ್ವೇಷ ಇಟಗೊಂಡ್ರ ನಿಮಗ ತ್ರಾಸು."

"ನನಗ ಏನೂ ತ್ರಾಸಿಲ್ರಿ," ಎಂದಳು ಅವಳು ಕಡಲೆಬೇಳೆ ಆರಿಸುತ್ತ. "ಭಾಳ ದಿನದ ಮ್ಯಾಲೆ ಛಲೋ ನಿದ್ದಿ ಹತ್ತೇದ."

ಪ್ರತಿ ತಾರೀಖಿಗೂ ಗಂಡ ಹೆಂಡತಿ ಕೋರ್ಟಿಗೆ ಹೋಗುತ್ತಾರೆ. ಮಂದಾರನಿಗೆ ತಪ್ಪದೆ ಕಾಣುವ ಜಾಗ ಹಿಡಿದು ಕೂಡುತ್ತಾರೆ. ಅವನು ತಲೆ ಎತ್ತಿದಾಗಲೆಲ್ಲ ಅವರಿಬ್ಬರ ಕಣ್ಣು ಅವನ ಮೇಲಿರುತ್ತದೆ. ಅವನು ತೆಳ್ಳಗಾಗಿದ್ದಾನೆ, ಕಿವಿಯ ಮೇಲೆ ಬಿಳಿಕೂದಲು ಬಂದಿದೆ. ಚನ್ನಬಸವ್ವ ಅದನ್ನು ಮನೆಗೆ ಬಂದು ಹೇಳಿಕೊಂಡು ತೃಪ್ತಿಪಡುತ್ತಾಳೆ.

ಈಚೆಗೆ ಅಂಥದೊಂದು ತಾರೀಖಿನ ದಿನ ಕೋರ್ಟಿನ ವರಾಂಡದಲ್ಲಿ ಗೋದಾಳ ಫೋನು ಬಂತು. ಬಂಡೆಯ ಮೇಲಿನ ಪಾಚಿ ಸೊಂಟದವರೆಗೆ ಬಂದಿದೆಯಂತೆ. ಎಲೆಗಳ ನಡುವೆ ಮಾಣಕಿ ಮೀನಿನ ತತ್ತಿಗಳು ಬಿಳಿ ಬೆರಳುಗಳ ಹಾಗೆ ಅಂಟಿಕೊಂಡಿವೆಯಂತೆ. ಹೆಂಗಸರೆಲ್ಲ ನೀರಿನಲ್ಲಿ ನಿಂತು ನೋಡುತ್ತಿದ್ದಾರಂತೆ, ಈಗಲೇ ಬಸ್ಸು ಹಿಡಿದರೆ ನಾಳೆಯ ಇಳಿತ ಸಿಗುತ್ತದಂತೆ. ರಾಮಲಿಂಗಪ್ಪನ ಕಣ್ಣು ತುಂಬಿತು. ಹೆಂಡತಿಗೆ ಹೇಳಿದ. ಅವಳು ಅವನ ಕೈ ಹಿಡಿದಳು, ಗಟ್ಟಿಯಾಗಿ.

ಅಷ್ಟರಲ್ಲಿ ಒಳಗೆ ಮಂದಾರನ ಹೆಸರು ಕೂಗಿದರು.

"ನಾಡದ್ದು ಬರ್ತೀನಿ ಗೋದಾಬಾಯಿ," ಎಂದ ರಾಮಲಿಂಗಪ್ಪ ಅವಸರದಲ್ಲಿ ಕನ್ನಡದಲ್ಲೇ, ಆಮೇಲೆ ಮರಾಠಿಗೆ ಹೊರಳಿ, "ಇವತ್ತು ಇಲ್ಲಿ ಕೂಡಬೇಕು," ಎಂದ. ಇಬ್ಬರೂ ಒಳಗೆ ಹೋಗಿ ಮುಂದಿನ ಬೆಂಚಿನ ಮೇಲೆ ಕೂತರು.